ವರ್ನರ್ ತುಂಬಿದ ತೋಟಾ

ನಮ್ಮ ಮೊಂಟಾನಾ ಕಡೆ ಒಂದು ಕಟ್ಟುಪಾಡಿದೆ. ಒಬ್ಬ ಕೈಯಾರೆ ತುಂಬಿದ ಬಂದೂಕಿನ ತೋಟಾವನ್ನು ಇನ್ನೊಬ್ಬ ಹೊಡೆಯುವುದಿಲ್ಲ. ಪಿಕಪ್ ಗಾಡಿ ಕೊಡುತ್ತೇವೆ, ಹಿಮ ತಳ್ಳುವ ಯಂತ್ರ ಕೊಡುತ್ತೇವೆ, ತೋಟಾ ಮಾತ್ರ ಕೊಡುವುದೂ ಇಲ್ಲ, ಕೇಳುವುದೂ ಇಲ್ಲ. ಇದಕ್ಕೆ ವಿನಾಯಿತಿ ಗಂಡ ಹೆಂಡತಿಗೆ ಮಾತ್ರ. ನನ್ನ ಪಕ್ಕದ ಮನೆಯ ವರ್ನರ್ ಹೌಗನ್ ಇಪ್ಪತ್ತೆರಡು ವರ್ಷ ತನ್ನ ಹೆಂಡತಿ ಆರ್ಡಿಸ್‌ಗೆ ತೋಟಾ ತುಂಬಿಕೊಟ್ಟ. ಅವಳು ಶಾಲೆ ಬಸ್ಸು ಓಡಿಸುತ್ತಿದ್ದಳು. ಬೇಸಿಗೆಯಲ್ಲಿ ತನ್ನ ಹಳೆಯ ಗ್ಯಾರಂಡ್ ರೈಫಲ್ ಹಿಡಿದು ಜಿಲ್ಲೆಯ ಗಂಡಸರನ್ನೆಲ್ಲ ಗುರಿಯಲ್ಲಿ ಸೋಲಿಸುತ್ತಿದ್ದಳು. ಆ ಸೋತವರಲ್ಲಿ ನಾನೂ ಒಬ್ಬ.

ವರ್ನರ್ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ಮಾತು ಕಡಿಮೆ, ಹಟ ಜಾಸ್ತಿ. ನಿವೃತ್ತಿಯಾದ ಮೇಲೆ ಅವನಿಗೆ ಉಳಿದದ್ದು ನೆಲಮಾಳಿಗೆಯಲ್ಲಿ ತೋಟಾ ತುಂಬುವ ಬೆಂಚು ಒಂದೇ. ಹೊಡೆದು ಖಾಲಿಯಾದ ಹಿತ್ತಾಳೆ ಕೊಳವೆಯನ್ನು ಪ್ರೆಸ್ಸಿಗೆ ಹಾಕಿ ಅಳತೆಗೆ ತಂದು, ಬುಡದಲ್ಲಿ ಕಿಡಿ ಹೊತ್ತಿಸುವ ಬಿಲ್ಲೆ ಕೂರಿಸಿ, ಮದ್ದು ತೂಗಿ ಸುರಿದು, ಮೇಲೆ ಗುಂಡು ಒತ್ತಬೇಕು. ಬೆಳಗಿನ ಕಾಫಿಯಿಂದ ಮಧ್ಯಾಹ್ನದ ಊಟದವರೆಗೆ ಅದೇ ಕೆಲಸ. ಕೊನೆಗೆ ಒಂದೊಂದರ ಬುಡದ ಮೇಲೂ ಬೆರಳು ಆಡಿಸುತ್ತಿದ್ದ. ಬಿಲ್ಲೆ ಕೂದಲೆಳೆಯಷ್ಟೂ ಉಬ್ಬಿರಬಾರದು. ತೋಟಾದ ಹಿಂದಿನ ಬಾಗಿಲನ್ನು, ಅಂದರೆ ಬೋಲ್ಟನ್ನು, ಕೈಯಿಂದ ಮೆಲ್ಲಗೆ ಮುಚ್ಚುವ ಬೇಟೆ ಬಂದೂಕು ಅಷ್ಟಿಷ್ಟು ತಪ್ಪು ಸಹಿಸೀತು. ಗ್ಯಾರಂಡ್‌ನಂಥದ್ದರಲ್ಲಿ ಪ್ರತಿ ಹೊಡೆತಕ್ಕೂ ಬೋಲ್ಟ್ ತಾನೇ ಹಿಂದೆ ಹೋಗಿ ಧಡಾರನೆ ಮುಂದೆ ಬಡಿಯುತ್ತದೆ. ಉಬ್ಬಿದ ಬಿಲ್ಲೆಗೆ ಅದು ತಗುಲಿದರೆ ಬಾಗಿಲು ಭದ್ರವಾಗುವ ಮೊದಲೇ ತೋಟಾ ಸಿಡಿದು, ಹೊಡೆಯುವವನ ಮುಖಕ್ಕೇ ಬರುತ್ತದೆ. "ಕಣ್ಣು ಸುಳ್ಳು ಹೇಳುತ್ತೆ, ಬೆರಳು ಹೇಳಲ್ಲ" ಎನ್ನುವುದು ವರ್ನರ್‌ನ ವೇದವಾಕ್ಯ.

ಬೆರಳೂ ಸುಳ್ಳು ಹೇಳಿತು. ಸಕ್ಕರೆ ಕಾಯಿಲೆ ಅವನ ಬೆರಳ ತುದಿಗಳನ್ನು ಮರಗಟ್ಟಿಸಿತ್ತು. ಬಿಸಿ ಬಾಣಲೆ ಮುಟ್ಟಿ ಬೊಬ್ಬೆ ಬಂದರೂ ಅವನಿಗೆ ತಿಳಿಯುತ್ತಿರಲಿಲ್ಲ. ಒಂದು ದಿನ ಆರ್ಡಿಸ್ ಸುಮ್ಮನೆ ತನ್ನ ಬೆರಳು ಆಡಿಸಿದಾಗ ಒಂದು ಡಬ್ಬಿಯ ಐವತ್ತರಲ್ಲಿ ಹನ್ನೊಂದು ಉಬ್ಬಿದ್ದವು. ಆ ಡಬ್ಬಿ ಹಿಡಿದುಕೊಂಡು ಅವಳು ನೇರ ನನ್ನ ಗ್ಯಾರೇಜಿಗೆ ಬಂದಳು. ಗಂಡನಿಗೆ ಹೇಳು ಎಂದೆ. ಹೇಳಿದರೆ ಆ ಬೆಂಚಿನಿಂದ ಎದ್ದುಬಿಡುತ್ತಾನೆ, ಆಮೇಲೆ ಏಳುವುದಕ್ಕೇ ಅವನಿಗೆ ಕಾರಣ ಇರಲ್ಲ ಎಂದಳು. ನನಗೆ ಸಿಟ್ಟು ಬಂತು. ನಿನ್ನ ಮುಖ ಹೋದರೆ ಪರವಾಗಿಲ್ಲವೇ ಎಂದು ಬೈದೆ. ಅವಳು ಬೈಸಿಕೊಂಡು ಡಬ್ಬಿಯನ್ನು ನನ್ನ ಬೆಂಚಿನ ಮೇಲಿಟ್ಟಳು. ಕೊನೆಗೆ ನಾನೇ ಒಪ್ಪಿದೆ.

ಆಮೇಲೆ ಎರಡು ವರ್ಷ, ವರ್ನರ್ ಇಸ್ಪೀಟು ಆಡಲು ಹೋಗುವ ಪ್ರತಿ ಗುರುವಾರ, ನಾವಿಬ್ಬರೂ ಕಳ್ಳರ ಹಾಗೆ ಕೂತೆವು. ಗುಂಡು ಬಿಡಿಸಲು ಟೊಳ್ಳು ತಲೆಯ ಒಂದು ಸುತ್ತಿಗೆ ಇರುತ್ತದೆ. ತೋಟಾವನ್ನು ಅದರೊಳಗೆ ಸಿಕ್ಕಿಸಿ ಮರದ ಕೊರಡಿಗೆ ಕುಟ್ಟಿದರೆ ಗುಂಡೂ ಮದ್ದೂ ಹೊರಗೆ ಬೀಳುತ್ತವೆ. ಉಬ್ಬಿದವನ್ನೆಲ್ಲ ಹಾಗೆ ಬಿಡಿಸಿ, ನನ್ನ ಪ್ರೆಸ್ಸಿನಲ್ಲಿ ನಾನು ಹೊಸದಾಗಿ ತುಂಬಿ, ಅವನ ಡಬ್ಬಿಯಲ್ಲೇ ಇಡುತ್ತಿದ್ದೆವು. ಇಸ್ಪೀಟು ಮುಗಿಸಿ ಬರುವಾಗ ಸದ್ದು ಕೇಳಿಸಿಕೊಂಡ ವರ್ನರ್ ಒಮ್ಮೆ ಬೇಲಿಯಾಚೆಯಿಂದ, "ಏನಯ್ಯಾ ಎಮೆಟ್, ಪ್ರತಿ ವಾರ ಏನು ಕುಟ್ತೀಯ?" ಎಂದ. ಬಾಯಿಗೆ ಬಂದದ್ದು ಹೇಳಿದೆ: ಮರದ ಹಕ್ಕಿಗೂಡು ಮಾಡ್ತಿದ್ದೀನಿ.

ಎರಡನೇ ವರ್ಷದ ಆಗಸ್ಟಿನ ಗುರಿ ಪಂದ್ಯದಲ್ಲಿ ಆರ್ಡಿಸ್ ತನ್ನ ಜೀವಮಾನದಲ್ಲೇ ಚೆನ್ನಾಗಿ ಹೊಡೆದಳು. ವರ್ನರ್ ಹಿಗ್ಗಿ ಹೀರೆಕಾಯಿಯಾಗಿದ್ದ. ಕೊನೆಯ ಸುತ್ತಿನ ಹೊತ್ತಿಗೆ ಅಂಚೆ ಹಂಚುವ ಡೆಲ್ಬರ್ಟ್‌ಗೆ ಎಂಟು ತೋಟಾ ಕಡಿಮೆ ಬಿದ್ದವು. ಅವನೂ ಗ್ಯಾರಂಡ್‌ನವನೇ. ಕೇಳುವಂತಿಲ್ಲ, ಪೆಚ್ಚಾಗಿ ನಿಂತಿದ್ದ. ನಲವತ್ತು ವರ್ಷ ಹೊರಗಿನ ಯಾರಿಗೂ ಕೊಡದ ವರ್ನರ್, ಆ ಖುಷಿಯಲ್ಲಿ ಕಟ್ಟುಪಾಡು ಮರೆತು, ತನ್ನ ಚೀಲದಿಂದ ಎಂಟು ತೆಗೆದು ಅವನ ಅಂಗೈಗೆ ಹಾಕಿದ. ಅವು ಹಿಂದಿನ ದಿನವಷ್ಟೇ ತುಂಬಿದವು. ಆರ್ಡಿಸ್‌ಳ ಬೆರಳು ಅವನ್ನು ಮುಟ್ಟಿರಲಿಲ್ಲ. ವರ್ನರ್‌ನ ಕೈಯಿಂದ ಸಿಕ್ಕಿತಲ್ಲ ಎಂದು ಡೆಲ್ಬರ್ಟ್ ಪ್ರಸಾದ ತೆಗೆದುಕೊಂಡವನಂತೆ ತೆಗೆದುಕೊಂಡ.

ಬಾಯಿ ಬಿಡಲು ನನಗೆ ಆಗಲಿಲ್ಲ, ಇದನ್ನು ಒಪ್ಪಿಕೊಳ್ಳುತ್ತೇನೆ. ಆರ್ಡಿಸ್ ಹೋಗಿ ಡೆಲ್ಬರ್ಟ್‌ನ ಕೈಯಿಂದ ಎಂಟನ್ನೂ ಕಿತ್ತುಕೊಂಡಳು.

"ಇದನ್ನ ಹೊಡೀಬೇಡ. ಇದು ನಾನು ತುಂಬಿದ್ದು. ನನ್ನ ಕೈ ಸರಿ ಇಲ್ಲ."

ಸುತ್ತ ನಿಂತವರಿಗೆ ಅಷ್ಟೇ ಸಾಕಾಯಿತು. ಆರ್ಡಿಸ್ ಹುಟ್ಟಿದಂದಿನಿಂದ ಒಂದೂ ತೋಟಾ ತುಂಬಿದವಳಲ್ಲ ಎಂಬುದು ನನ್ನನ್ನು ಬಿಟ್ಟರೆ ಅಲ್ಲಿ ಒಬ್ಬನಿಗೆ ಮಾತ್ರ ಚೆನ್ನಾಗಿ ಗೊತ್ತಿತ್ತು. ವರ್ನರ್ ಅವಳ ಕೈಯಿಂದ ಎಂಟನ್ನೂ ತೆಗೆದುಕೊಂಡು ಒಂದೊಂದರ ಮೇಲೂ ಬೆರಳು ಆಡಿಸಿದ. ಮತ್ತೆ ಮೊದಲಿನಿಂದ ಆಡಿಸಿದ. ಆಮೇಲೆ ಜೇಬಿಗೆ ಹಾಕಿಕೊಂಡ.

ಹಿಂದಿರುಗುವಾಗ ಗಾಡಿ ಓಡಿಸಿದ್ದು ಆರ್ಡಿಸ್, ನಾನು ಹಿಂದಿನ ಸೀಟಿನಲ್ಲಿ. ಹತ್ತು ಮೈಲಿ ದಾಟಿದ ಮೇಲೆ ವರ್ನರ್ ಆ ಎಂಟನ್ನು ಹೊರತೆಗೆದು, ಹಿಂದೆ ತಿರುಗದೆ ನನ್ನ ಕಡೆ ಚಾಚಿದ.

"ಉಬ್ಬಿರೋದು ಎಷ್ಟು?"

ನಾನು ಬೆರಳು ಆಡಿಸಿದೆ. "ಮೂರು."

"ಎಷ್ಟು ದಿನದಿಂದ?"

"ಎರಡು ವರ್ಷ" ಎಂದಳು ಆರ್ಡಿಸ್.

ಅವನು ಕಿಟಕಿಯಾಚೆ ಗೋಧಿ ಹೊಲದ ಕಡೆ ಮುಖ ತಿರುಗಿಸಿದ. "ಹಂಗಾದ್ರೆ ಹಕ್ಕಿಗೂಡು ಇಲ್ಲ" ಎಂದ.

"ಇಲ್ಲ" ಎಂದೆ. ಆ ಮನುಷ್ಯನೆದುರು ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಮುಂದಿನ ಗುರುವಾರ ಅವನು ಇಸ್ಪೀಟಿಗೆ ಹೋಗಲಿಲ್ಲ. ಮನೆಯಲ್ಲಿದ್ದ ಡಬ್ಬಿಗಳನ್ನೆಲ್ಲ ಹೊತ್ತು ನನ್ನ ಗ್ಯಾರೇಜಿಗೆ ಬಂದು ಸುತ್ತಿಗೆ ಕೇಳಿದ. ಹಿಂದೆಯೇ ಆರ್ಡಿಸ್ ಬಂದಳು. ಅವಳು ಬೆರಳು ಆಡಿಸಿ ಕೊಟ್ಟದ್ದನ್ನೆಲ್ಲ ಅವನೇ ಕುಟ್ಟಿ ಬಿಡಿಸಿದ. ಎಲ್ಲ ಮುಗಿದ ಮೇಲೆ ಸುತ್ತಿಗೆ ಕೆಳಗಿಟ್ಟು ಹೇಳಿದ:

"ಇನ್ಮೇಲೆ ಎಮೆಟ್ ಹತ್ರ ತುಂಬಿಸ್ಕೋ."

ಆರ್ಡಿಸ್ ನನ್ನ ಬೆಂಚಿನ ಮೇಲಿದ್ದ ಬಿಲ್ಲೆಗಳ ಡಬ್ಬಿಯನ್ನು ಎತ್ತಿಕೊಂಡು ಕಂಕುಳಿಗೆ ಸಿಕ್ಕಿಸಿದಳು.

"ಬೇರೆಯವರು ತುಂಬಿದ್ದು ನಾನು ಹೊಡೆಯೋಳಲ್ಲ, ನಿಂಗೆ ಗೊತ್ತು. ನೀನು ಬಿಲ್ಲೆ ಕೂರ್ಸು. ಮದ್ದು ಸುರಿಯೋಕ್ಕೆ ಮುಂಚೆ ಒಂದೊಂದೂ ನನ್ನ ಕೈಗೆ ಕೊಡು. ಏಳು, ಮನೇಲಿ ಕಾಫಿ ಆರುತ್ತೆ."

ಎರಡು ವರ್ಷ ಅವಳು ಹೊಡೆದದ್ದರಲ್ಲಿ ಕಾಲು ಭಾಗ ನಾನೇ ತುಂಬಿದ್ದು. ಆ ಮಾತು ನಾನು ಎತ್ತಲಿಲ್ಲ. ವರ್ನರ್ ನನ್ನ ಮುಖ ನೋಡಿದ, ಅವಳ ಮುಖ ನೋಡಿದ. ಅವನೂ ಎತ್ತಲಿಲ್ಲ. ಖಾಲಿ ಕೊಳವೆಗಳನ್ನು ಒಟ್ಟುಮಾಡಿಕೊಂಡು ಅವಳ ಹಿಂದೆ ಹೊರಟ.