ಗಜ್ಜರಿ ಕತ್ತರಿಸದ ಚಾಕು

ಹುಮನಾಬಾದಿನ ಬಸ್ ಸ್ಟ್ಯಾಂಡಿನ ಸುತ್ತಮುತ್ತ ಒಂದು ಕಾಲಕ್ಕೆ ನನಗೆ ‘ಚಾಕುವಿನ ಹುಚ್ಚಿ’ ಎಂದು ಹೆಸರಿತ್ತು. ನಾನು ಮೆಟ್ಟಿಲು ಹತ್ತುವ ಮೊದಲೇ ಕಬ್ಬಿಣ ಸಾಮಾನಿನ ಅಂಗಡಿಯವರು ಗಾಜಿನ ಪೆಟ್ಟಿಗೆಗೆ ಬೀಗ ಹಾಕಿಬಿಡುತ್ತಿದ್ದರು. ಅವರಿಗೆ ಅದು ತಮಾಷೆ. ನನಗೂ ನನ್ನ ವೈನಿಗೂ ಅದು ಹೊಟ್ಟೆಪಾಡಿನ ಪ್ರಶ್ನೆ.

ತೊಂಬತ್ತರ ದಶಕದ ನಡುವಿನ ಮಾತು. ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ಗಂಡನ ಮನೆಯಲ್ಲಿ ಬಾಳಲಾರದೆ ನಾನು ತವರಿಗೆ ಬಂದಾಗ ಅಣ್ಣ ಹೊಸ್ತಿಲಲ್ಲೇ ನಿಲ್ಲಿಸಿ ವಿಚಾರಣೆ ಶುರು ಮಾಡಿದ್ದ. ಒಳಗಿನಿಂದ ಬಂದು ಕೈ ಹಿಡಿದು ಕರೆದುಕೊಂಡು ಹೋದವಳು ಅವಳು. ಮರುದಿನ ಬೆಳಿಗ್ಗೆ ನನ್ನ ತಲೆಯ ಮೇಲೆ ಒಂದು ಬುಟ್ಟಿ ಇಟ್ಟು, “ಕೂತು ತಿಂದ್ರ ಮಂದಿ ಮಾತು ಕೇಳಬೇಕಾಗ್ತದ. ದುಡದು ತಿನ್ನು, ಯಾರಪ್ಪಂದೇನದ?” ಅಂದಳು. ಆವತ್ತಿನಿಂದ ನಾವಿಬ್ಬರೂ ಹುಮನಾಬಾದ್–ಬಸವಕಲ್ಯಾಣ ಬಸ್ಸುಗಳಲ್ಲಿ ಸೌತೆಕಾಯಿ, ಪೇರಲ ಮಾರತೊಡಗಿದೆವು.

ದುಬಲಗುಂಡಿಯ ಮೊದಲ ಬಸ್ಸಿಗೆ ಎಳೆಯ ಸೌತೆಕಾಯಿ ಬರುತ್ತಿತ್ತು. ಅದನ್ನು ಹಿಡಿದು, ಕಲ್ಯಾಣದ ಬಸ್ಸು ಹೊರಡುವಾಗ ಹತ್ತಿ, ಮಾರುತ್ತ ಹೋಗಿ, ಮುಂದಿನ ಯಾವುದಾದರೂ ಸ್ಟಾಪಿನಲ್ಲಿ ಇಳಿದು ಎದುರು ಬರುವ ಬಸ್ಸಿಗೆ ವಾಪಸ್ಸಾಗುವುದು ನಮ್ಮ ದಿನಚರಿ. ಇಡೀ ಸೌತೆಕಾಯಿಯನ್ನು ಪ್ರಯಾಣಿಕರು ಕೈಯಲ್ಲೂ ಹಿಡಿಯುವುದಿಲ್ಲ. ತೊಟ್ಟಿನ ಕಡೆ ಬೇರ್ಪಡದಂತೆ ಉದ್ದಕ್ಕೆ ನಾಲ್ಕು ಸೀಳು ಮಾಡಿ, ಒಳಗೆ ಉಪ್ಪು ಖಾರ ತುಂಬಿ, ಹೂವಿನಂತೆ ಬಿಚ್ಚಿ ಕೊಡಬೇಕು. ಮೊದಲೇ ಕೊಯ್ದಿಟ್ಟರೆ ನೀರು ಬಿಟ್ಟು ಜೋಲುಬೀಳುತ್ತದೆ. ಹಾಗಾಗಿ ಓಡುವ ಬಸ್ಸಿನಲ್ಲಿ ನಿಂತುಕೊಂಡೇ ಕೊಯ್ಯಬೇಕು. ಮಡಚಲು ಬಾರದ ಚಾಕು ಬುಟ್ಟಿಯಲ್ಲಿಟ್ಟರೆ ಆ ನೂಕುನುಗ್ಗಲಿನಲ್ಲಿ ಯಾರಿಗೆ ಚುಚ್ಚೀತೋ ಎಂಬ ಭಯ. ಅದಕ್ಕೆ ಎಲ್ಲ ಹೆಂಗಸರೂ ಮಡಚುವ ಚಾಕು ಇಟ್ಟುಕೊಳ್ಳುತ್ತಿದ್ದರು. ಕೊಯ್ದಾದ ಮೇಲೆ ಮಡಚಿದರೆ ಸೊಂಟದ ಸಂಚಿಯೊಳಗೆ ಹೋಗುತ್ತಿತ್ತು.

ಒಂದು ಮಧ್ಯಾಹ್ನ ರಸ್ತೆಗೆ ಎಮ್ಮೆ ಅಡ್ಡ ಬಂತು. ಡ್ರೈವರ್ ಬ್ರೇಕ್ ಒತ್ತಿದ. ವೈನಿಯ ಚಾಕುವಿನ ತುದಿ ಸೌತೆಕಾಯಿಯೊಳಗಿತ್ತು. ಅವಳು ಮುಂದಕ್ಕೆ ಜೋಲಿ ಹೊಡೆದಾಗ ಅಲಗಿನ ಬೆನ್ನು ಸೀಟಿನ ಸರಳಿಗೆ ಬಡಿದು ಚಾಕು ಅವಳ ತೋರುಬೆರಳಿನ ಮೇಲೆಯೇ ಮಡಚಿಕೊಂಡಿತು. ಪಕ್ಕದಲ್ಲಿ ಕೂತಿದ್ದ ಹಿರಿಯರ ಬಿಳಿ ಧೋತರದ ತುಂಬ ರಕ್ತ. ದವಾಖಾನೆಯಲ್ಲಿ ಹೊಲಿಗೆ ಹಾಕಿದರು. ಗಾಯ ಮಾಯಿತು, ಆದರೆ ಆ ಬೆರಳು ಮತ್ತೆ ಬಾಗಲಿಲ್ಲ.

ಮರುದಿನ ಸ್ಟ್ಯಾಂಡಿನ ಕಂಟ್ರೋಲರ್ ಸಾಹೇಬರು ನಮ್ಮೆಲ್ಲರನ್ನೂ ಕರೆದು ಇನ್ನು ಮುಂದೆ ಚಾಕು ಹಿಡಿದು ಬಸ್ ಹತ್ತುವಂತಿಲ್ಲ ಎಂದರು. “ನಿಮ್ಮ ಹೊಟ್ಟಿ ಮ್ಯಾಲ ಹೊಡೀಬೇಕಂತ ಅಲ್ರಿ ಅಕ್ಕಾ. ನಾಳಿ ಪ್ಯಾಸೆಂಜರ್‌ಗೆ ಏನರ ಆದ್ರ ಜವಾಬು ನಾ ಕೊಡಬೇಕಾಗ್ತದ.” ಅವರ ಮಾತಿನಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. ಅದಕ್ಕೇ ನನ್ನ ಸಿಟ್ಟು ಇನ್ನಷ್ಟು ಏರಿತು.

ಮನೆಯಲ್ಲಿ ಎಲ್ಲರೂ ಒಬ್ಬೊಬ್ಬರನ್ನು ಬೈದರು. ಅಣ್ಣ ಡ್ರೈವರನನ್ನು, ಓಣಿಯವರು ಎಮ್ಮೆಯ ಮಾಲೀಕನನ್ನು. ವೈನಿ ಮಾತ್ರ “ನನಗ ಸಾಡೇಸಾತಿ ನಡದದ” ಎಂದು ಗೋಡೆಗೆ ಮುಖ ಮಾಡಿ ಮಲಗಿದಳು. ನಾನು ಆ ಚಾಕು ತೆಗೆದುಕೊಂಡು ಅಂಗಳದಲ್ಲಿ ಕೂತೆ. ಬಿಚ್ಚಿದೆ, ಮಡಚಿದೆ, ಮತ್ತೆ ಬಿಚ್ಚಿದೆ. ಅಲಗನ್ನು ಹಿಡಿದಿಟ್ಟದ್ದು ಹಿಂದಿನ ಒಂದು ತೆಳು ಪಟ್ಟಿಯಷ್ಟೇ. ಬೆನ್ನಿಗೆ ಸ್ವಲ್ಪ ಪೆಟ್ಟು ಬಿದ್ದರೂ ಅದು ಮಡಚಿಕೊಳ್ಳಲೇಬೇಕು. ಶನಿದೇವರಿಗೆ ಇದರಲ್ಲಿ ಏನೂ ಕೆಲಸವಿರಲಿಲ್ಲ. ಮಡಚಿಕೊಳ್ಳದ ಚಾಕು ಹುಡುಕುತ್ತೇನೆ, ವೈನಿಯನ್ನು ಮತ್ತೆ ಬಸ್ ಹತ್ತಿಸುತ್ತೇನೆ ಎಂದು ಅಲ್ಲಿಯೇ ನಿಶ್ಚಯ ಮಾಡಿದೆ. ನಾನು ಹುಟ್ಟಾ ಜಗಮೊಂಡಿ.

ಬಿಚ್ಚಿದಾಗ ‘ಖಟ್’ ಎಂದು ಕೂತುಕೊಂಡು, ಒಂದು ಗುಂಡಿ ಒತ್ತುವ ತನಕ ಅಲುಗದ ಚಾಕುಗಳಿವೆ ಎಂದು ಕೇಳಿದ್ದೆ. ಖಟಕಾ ಚಾಕು ಎನ್ನುತ್ತಾರೆ. ಹುಮನಾಬಾದಿನ ಮೊದಲ ಅಂಗಡಿಯಲ್ಲಿ ಕೇಳಿದಾಗ ಮಾಲೀಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಯಾರ್ನ ಹೊಡೀಬೇಕಂತ ಮಾಡೀರಿ ಅಕ್ಕಾ?” ಎಂದು ನಕ್ಕ. “ಸದ್ಯಕ್ಕ ಸವತಿಕಾಯಿ. ಮುಂದಿಂದು ನಿಮ್ಮ ಮಾತಿನ ಮ್ಯಾಲ ಅದ” ಎಂದೆ. ಚಾಕು ತೆಗೆದು ಕೊಟ್ಟ.

ನಾನು ಸಂಚಿಯಿಂದ ಒಂದು ಗಜ್ಜರಿ ತೆಗೆದೆ. ಹಿಡಿಕೆಯಲ್ಲಿ ಬೆರಳು ಕೂಡುವ ಜಾಗದಲ್ಲಿ ಗಜ್ಜರಿ ಇಟ್ಟು ಕಟ್ಟಿ, ಅಲಗಿನ ಬೆನ್ನನ್ನು ಅವನ ಕಟ್ಟೆಯ ಅಂಚಿಗೆ ಬಲವಾಗಿ ಬಡಿದೆ. ಗಜ್ಜರಿ ಎರಡು ತುಂಡಾಗಿ ಬಿತ್ತು. “ನೋಡ್ರಿ, ಇದು ನನ್ನ ಬಟ್ಟ” ಎಂದು ತೋರುಬೆರಳು ತೋರಿಸಿ ತುಂಡನ್ನು ಅವನ ಮುಂದಿಟ್ಟೆ. “ಹಲ್ವಾ ಮಾಡಿ ಕೊಡ್ರಿ ಹಂಗಾದ್ರ” ಅಂದ. ಅಲ್ಲಿಂದ ನನಗೆ ಹೆಸರು ಬಿತ್ತು.

ಮುಂದೆ ಕಂಡ ಕಂಡ ಅಂಗಡಿ ಹತ್ತಿದೆ. ಒಂದು ಚಾಕುವಿನ ಖಟಕಾ ಗಟ್ಟಿಯಾಗಿತ್ತು, ಆದರೆ ಕೈ ಒದ್ದೆಯಾದರೆ ತಗಡಿನ ಹಿಡಿಕೆ ಮೀನಿನಂತೆ ಜಾರುತ್ತಿತ್ತು. ಇನ್ನೊಂದನ್ನು ಬಿಚ್ಚಲು ಹೋಗಿ ಉಗುರೇ ಕಿತ್ತುಬಂತು. ಬಾಗದ ಬೆರಳಿನ ವೈನಿ ಅದನ್ನು ಹೇಗೆ ಬಿಚ್ಚಬೇಕು? ಕೊನೆಗೆ ಬಸವಕಲ್ಯಾಣದ ಪೇಟೆಯಲ್ಲಿ ಮರದ ಹಿಡಿಕೆಯ ಗಿಡ್ಡ ಚಾಕು ಸಿಕ್ಕಿತು. ಬಡಿದೆ, ಮತ್ತೆ ಬಡಿದೆ, ಅಂಗಡಿಯವನು ಸಾಕು ಎನ್ನುವ ತನಕ ಬಡಿದೆ. ಗಜ್ಜರಿಯ ಮೇಲೆ ಗೀರು ಕೂಡ ಇರಲಿಲ್ಲ. ಕುಣಿಯುವುದೊಂದು ಬಾಕಿ.

ಒಂದು ವಾರ ಸ್ಟ್ಯಾಂಡಿನ ಹೊರಗೆ ಕೂತು ಆ ಚಾಕಿನಿಂದಲೇ ವ್ಯಾಪಾರ ಮಾಡಿ, ಆಮೇಲೆ ಕಂಟ್ರೋಲರ್ ಸಾಹೇಬರ ಮುಂದೆ ಹೋದೆ. ಕಂಡಕ್ಟರುಗಳು, ಹಮಾಲರು ಎಲ್ಲ ಸುತ್ತ ನೆರೆದರು. ಗಜ್ಜರಿ ಕಟ್ಟಿ, ಮೇಜಿನ ಅಂಚಿಗೆ ಬಡಿದೆ. ಕಚಕ್ ಎಂದು ತುಂಡಾಯಿತು. ಯಾರೋ ಸಿಳ್ಳೆ ಹಾಕಿದರು. ಸಾಹೇಬರು ನಗಲಿಲ್ಲ. “ಆತಲ್ರಿ ಅಕ್ಕಾ?” ಎಂದಷ್ಟೇ ಕೇಳಿದರು. ಅಂಥ ಅವಮಾನ ಗಂಡನ ಮನೆಯಲ್ಲೂ ಆಗಿರಲಿಲ್ಲ.

ಮನೆಗೆ ಬಂದು ಸೂಜಿ ತೆಗೆದುಕೊಂಡು ಚಾಕುವಿನ ಕೀಲು ಕೆದಕಿದೆ. ಉಪ್ಪು, ಖಾರ, ಸೌತೆಕಾಯಿಯ ತಿರುಳು ಗಾರೆಯ ಹಾಗೆ ಗಟ್ಟಿಯಾಗಿ ಹೊರಬಂತು. ಖಟಕಾ ಕೂಡಬೇಕಾದ ಜಾಗದಲ್ಲಿ ಅದೇ ಕೂತುಬಿಟ್ಟಿತ್ತು. ನಾವು ಕೊಯ್ಯುವ ಕೈಯಿಂದಲೇ ಉಪ್ಪು ಖಾರ ಚಿಟಿಕೆ ಹಿಡಿದು ತುಂಬುವವರು, ಅದೇ ಕೈಯಿಂದ ಚಾಕು ಮಡಚುವವರು. ಅಂಗಡಿಯಲ್ಲಿ ನಾನು ಪರೀಕ್ಷೆ ಮಾಡಿದ್ದು ಒಣಗಿದ ಹೊಸ ಚಾಕನ್ನು. ನಮ್ಮ ಕೆಲಸದಲ್ಲಿ ಒಣಗಿದ್ದು ಏನಿರುತ್ತದೆ?

ಮತ್ತೆ ಮೊದಲಿನಿಂದ ಶುರು. ಒಂದು ತಗಡಿನ ಡಬ್ಬಿಯ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು ಉಪ್ಪು ಖಾರ ಅದರಲ್ಲಿ ಹಾಕಿದೆ. ಉದುರಿಸುವುದು ಎಡಗೈ ಕೆಲಸ, ಬಲಗೈ ಅದರ ತಂಟೆಗೇ ಹೋಗಕೂಡದು. ಬಿಚ್ಚಿದಾಗ ‘ಖಟ್’ ಕೇಳಿಸದಿದ್ದರೆ ಕಾಯಿಗೆ ಚಾಕು ಮುಟ್ಟಿಸಬಾರದು. ಸಂಜೆ ಬಿಸಿನೀರಲ್ಲಿ ತೊಳೆದು, ಒರೆಸಿ, ಕೀಲಿಗೆ ಒಂದು ಹನಿ ಕುಸುಬಿ ಎಣ್ಣೆ. ಇಡೀ ದಿನ ಕೊಯ್ದು, ತೊಳೆಯುವ ಮೊದಲೇ, ಅಂದರೆ ಚಾಕು ಅತಿ ಹೊಲಸಾಗಿದ್ದಾಗಲೇ, ಗಜ್ಜರಿ ಕಟ್ಟಿ ಬಡಿಯುತ್ತಿದ್ದೆ. ಸಿಟ್ಟಿನಿಂದ ಬಡಿಯುತ್ತಿದ್ದೆ. ದಿನಾ ಗಜ್ಜರಿ ಪಲ್ಯ ತಿಂದು ಅಣ್ಣ ತಟ್ಟೆ ಸರಿಸಿ, “ಮನ್ಯಾಗ ಮನಶ್ಯಾರು ಅದಾರೋ ಕುದರಿ ಅದಾವೋ?” ಎಂದು ಕೇಳಿದ. ಬಡಿಸಿದ್ದೇ ಬಡಿಸಿದೆ.

ಎರಡನೆಯ ಸಲ ಹೋದಾಗ, ಮಧ್ಯಾಹ್ನದ ವ್ಯಾಪಾರ ಮುಗಿಸಿ ಒರೆಸದ ಚಾಕನ್ನೇ ಸಾಹೇಬರ ಕೈಗೆ ಕೊಟ್ಟೆ. “ನೀವ ಹೊಡೀರಿ.” ಅವರು ಮೊದಲು ಮೆಲ್ಲಗೆ, ಆಮೇಲೆ ಟೇಬಲ್ ಅದುರುವಂತೆ ಹೊಡೆದರು. ಗಜ್ಜರಿ ಹಾಗೇ ಇತ್ತು. ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. “ಖಟಕಾ ಚಾಕು ಇದ್ದವ್ರು ಹತ್ರಿ. ಉಳದವ್ರು ಬ್ಯಾಡ” ಎಂದರು. ಸ್ಟ್ಯಾಂಡಿನ ಹೆಂಗಸರೆಲ್ಲ ನನ್ನನ್ನು ಮುತ್ತಿದರು. ನಾನು ಯಾರ ಮಾತಿಗೂ ನಿಲ್ಲದೆ ಮನೆಗೆ ಓಡಿದೆ.

ವೈನಿ ಜೋಳ ಹಸನು ಮಾಡುತ್ತಿದ್ದಳು. ವಿಷಯ ಹೇಳಿದೆ. ಮೊರದಿಂದ ಕೈ ತೆಗೆಯಲಿಲ್ಲ. “ನೀ ಹೋಗು ತಂಗಿ. ನಾ ಒಲ್ಲೆ” ಅಂದಳು. ಖಟಕಾ ತೋರಿಸಿದೆ, ಸಾಹೇಬರು ಹೊಡೆದದ್ದು ಹೇಳಿದೆ. ಆಗ ಅವಳು ತಲೆಯೆತ್ತಿ ನೋಡಿದಳು. “ಗಜ್ಜರಿಗೇನು ನೋವ ಆಗ್ತದೇನು?”

‘ಖಟ್’ ಎಂದು ಚಾಕು ಬಿಚ್ಚಿದೆ. ಕೊಯ್ಯುವಾಗ ಹಿಡಿಯುವ ಹಾಗೆಯೇ ಅದನ್ನು ಹಿಡಿದೆ, ಬೆರಳು ಅಲಗಿನ ಹಾದಿಯಲ್ಲೇ ಇರುವ ಹಾಗೆ. ಲಟ್ಟಣಿಗೆ ಅವಳ ಕೈಗೆ ಕೊಟ್ಟು, ಅಲಗಿನ ಬೆನ್ನು ತೋರಿಸಿ, “ಹೊಡಿ” ಎಂದೆ.

“ಹುಚ್ಚು ಹಿಡದದೇನು ನಿನಗ?”

“ಹೌದು. ಊರಿಗೆಲ್ಲ ಗೊತ್ತದ. ಹೊಡಿ.”

ಅವಳು ಲಟ್ಟಣಿಗೆ ಎತ್ತಿ ಇಳಿಸಿದಳು, ಮತ್ತೆ ಎತ್ತಿದಳು. ಮೂರು ತಿಂಗಳಿಂದ ಗೋಡೆಗೆ ಮುಖ ಮಾಡಿದ್ದವಳ ಮುಖ ಕೆಂಪಾಯಿತು. ಒಮ್ಮೆಲೇ ಹಲ್ಲು ಕಚ್ಚಿ ಹೊಡೆದಳು. ನನ್ನ ಮೊಣಕೈ ತನಕ ಜುಮ್ಮೆಂದಿತು. ಅಲಗು ಕದಲಲಿಲ್ಲ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಆಮೇಲೆ ಚಾಕು ಕಸಿದುಕೊಂಡು ತನ್ನ ಮುಷ್ಟಿಯಲ್ಲಿ ಹಿಡಿದಳು. ಬಾಗದ ಬೆರಳೊಂದು ಹೊರಗೆ ಚಾಚಿತ್ತು; ಉಳಿದವು ಅಲಗಿನ ಕೆಳಗಿದ್ದವು.

“ಈಗ ನೀ ಹೊಡಿ.”

ನಾನು ಲಟ್ಟಣಿಗೆ ತೆಗೆದುಕೊಂಡೆ. ಆ ಚಾಕನ್ನು ನನ್ನಷ್ಟು ಬಲ್ಲವರು ಹುಮನಾಬಾದಿನಲ್ಲಿ ಯಾರೂ ಇರಲಿಲ್ಲ. ಆದರೂ ಕೈ ಮೇಲೇಳಲಿಲ್ಲ. ಕಣ್ಣು ತುಂಬಿ ಅವಳ ಬೆರಳುಗಳು ಕಾಣದಾದವು. “ಭರೋಸಾ ಇಲ್ಲೇನು?” ಎಂದು ವೈನಿ ಕೇಳಿದಳು. ಮುಷ್ಟಿಯನ್ನು ಇನ್ನಷ್ಟು ಬಿಗಿ ಮಾಡಿದಳು.

ಹೊಡೆದೆ.