ಪಾರ್ಕಿಂಗ್ ಲೈಟಿಗೆ ಹುಣಸೆಹಣ್ಣು

ಹೋದ ವಾರದ ಗುರುವಾರ ಸಂಜೆ ಒಬ್ಬ ಟ್ರ್ಯಾಕ್ಟರ್ ಡ್ರೈವರ್ ನನ್ನನ್ನು ಮೋಟರ್‌ಸೈಕಲ್ ಎಂದು ತಿಳಿದುಬಿಟ್ಟ.

ನಗಬೇಡಿ ಮಕ್ಕಳೇ. ನಾನು ಕೂತಿದ್ದು ಕಾರಿನಲ್ಲೇ, ನಿಮ್ಮ ಅಜ್ಜನ ಅದೇ ಬಿಳಿ ಕಾರಿನಲ್ಲಿ. ಸುರಪುರದ ಕಡೆಯಿಂದ ಊರಿಗೆ ಬರುತ್ತಿದ್ದೆ. ಕಾಲುವೆ ದಂಡೆಯ ರಸ್ತೆ ನಿಮಗೆ ಗೊತ್ತಲ್ಲ? ಎಡಕ್ಕೆ ತುಂಬಿ ಹರಿಯುವ ನೀರು, ಬಲಕ್ಕೆ ಭತ್ತದ ಗದ್ದೆ. ಕೊಯ್ಲಿನ ಹಾರ್ವೆಸ್ಟರ್‌ಗಳು ಎಬ್ಬಿಸಿದ ಧೂಳಿಗೆ ಹೊತ್ತು ಮುಳುಗುವ ಮೊದಲೇ ಮಬ್ಬು ಕವಿದಿತ್ತು. ಎದುರಿನಿಂದ ಹುಲ್ಲು ಹೇರಿಕೊಂಡು ಟ್ರ್ಯಾಕ್ಟರ್ ಬಂತು. ಬಂದಿದ್ದು ಬಂದಂತೆಯೇ ಬಂತು, ಬದಿಗೆ ಸರಿಯಲೇ ಇಲ್ಲ. ನಾನೇ ಕಾರನ್ನು ದಂಡೆಯ ಅಂಚಿಗೆ ತಂದು ಬ್ರೇಕ್ ಒತ್ತಿದೆ. ಇಳಿದು ನೋಡಿದರೆ ಎಡಗಡೆಯ ಚಕ್ರಕ್ಕೂ ಕಾಲುವೆಯ ಇಳಿಜಾರಿಗೂ ನಡುವೆ ಎರಡು ಗೇಣು ಜಾಗ.

ಡ್ರೈವರ್ ಓಡಿ ಬಂದ. ನಮ್ಮೂರ ಹುಡುಗನೇ.

"ಯವ್ವಾ! ಕಾರೇನ್ರೀ ಇದು? ಒಂದೇ ಲೈಟ್ ಕಾಣ್ತು. ಯಾರೋ ಗಾಡಿ ಮ್ಯಾಲ ಬರಾಕತ್ತಾರ, ಬದಿಗಿ ಹೋಗ್ತಾರ ಅಂತ ತಿಳಿದ್ನಿ."

ಅವನದೇನೂ ತಪ್ಪಿಲ್ಲ. ಕಾರಿನ ಮುಂದಿನ ಎರಡು ಮೂಲೆಗಳಲ್ಲಿ ಸಣ್ಣ ಪಾರ್ಕಿಂಗ್ ಲೈಟ್ ಇರುತ್ತವೆ. ದಾರಿ ತೋರಿಸುವುದು ಅವುಗಳ ಕೆಲಸವಲ್ಲ. ಈ ಗಾಡಿ ಇಷ್ಟು ಅಗಲ ಇದೆ ಎಂದು ಎದುರಿನವರಿಗೆ ಹೇಳುವುದು ಅವುಗಳ ಕೆಲಸ. ನನ್ನ ಕಾರಿನ ಬಲಗಡೆಯದು ಸತ್ತಿತ್ತು. ಎದುರಿಗೆ ಬರುವವರಿಗೆ ಹತ್ತಿರವಾಗುವುದೇ ಆ ಬಲಗಡೆ! (ಹೆಡ್‌ಲೈಟ್ ಯಾಕೆ ಹಾಕಿರಲಿಲ್ಲ ಎಂದು ಕೇಳುತ್ತೀರಿ. ಇನ್ನೂ ಬೆಳಕಿದೆಯಲ್ಲ ಎಂದುಕೊಂಡಿದ್ದೆ. ಬೈಗುಳ ಈಗಾಗಲೇ ತಿಂದಾಗಿದೆ, ನೀವು ಬಿಡಿ.)

ನಾನು ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಫೋನಿನಲ್ಲಿ ಮುಟ್ಟಿತ್ತು. ನಿಮ್ಮಪ್ಪ ಮಲ್ಲು ಅಂಗಳದಲ್ಲೇ ನಿಂತಿದ್ದ.

"ಅವ್ವ, ಕೀಲಿ ಕೊಡು."

ಕೊಟ್ಟೆ.

"ಲೈಟ್ ಸರಿ ಆಗೋತನ ಕಾರ್ ಮುಟ್ಟಬ್ಯಾಡ. ಸರಿ ಆದ ಮ್ಯಾಲೂ ನೋಡೂಣು. ನಿನಗೂ ವಯಸ್ಸಾತು."

"ಮತ್ತ ರಂಗಂಪೇಟಿಗಿ?"

"ಬಸ್ಸಿಗಿ ಹೋಗು. ಮಂದಿ ಹೋಗಂಗಿಲ್ಲೇನು?"

ಹೋಗುತ್ತಾರೆ. ಆದರೆ ರಂಗಂಪೇಟೆಯಲ್ಲಿ ಇರುವುದು ನನ್ನ ಅಕ್ಕ ನೀಲಮ್ಮ. ಲಕ್ವಾ ಹೊಡೆದ ಮೇಲೆ ಅವಳಿಗೆ ಮಾತಿಲ್ಲ, ಬಲಗೈ ಏಳುವುದಿಲ್ಲ. ಪ್ರತಿ ಗುರುವಾರ ನಾನು ಹೋಗಿ ತಲೆಗೆ ಎರೆದು, ಕೂದಲು ಆರಿಸಿ, ಎಣ್ಣೆ ಹಚ್ಚಿ ಹೆಣೆದು ಬರುತ್ತೇನೆ. ಬೇರೆ ಯಾರು ಬಾಚಣಿಕೆ ಹಿಡಿದರೂ ಅವಳು ತಲೆ ಕೊಡುವುದಿಲ್ಲ. ಬಸ್ಸಿನಲ್ಲಾದರೆ ಊರಿಂದ ಶಹಾಪುರ, ಶಹಾಪುರದಿಂದ ಸುರಪುರ, ಅಲ್ಲಿಂದ ಆಟೊ. ತಿರುಗಿ ನಮ್ಮೂರಿಗೆ ಬರುವ ಕಡೆಯ ಬಸ್ ಹಿಡಿಯಬೇಕಾದರೆ ಮಧ್ಯಾಹ್ನವೇ ಎದ್ದು ಹೊರಡಬೇಕು. ಅಷ್ಟರಲ್ಲಿ ಏನಾದೀತು? ಮುಖ ನೋಡಿ, ಚಹಾ ಕುಡಿದು, ಹಸಿಕೂದಲನ್ನು ಹಾಗೇ ಬಿಟ್ಟು ಬರುವುದೇ?

ಇದನ್ನೆಲ್ಲ ನಿಮ್ಮಪ್ಪನಿಗೆ ಹೇಳಬಹುದಿತ್ತು. ಹೇಳಲಿಲ್ಲ. ನಾನು ಬಾಯಿಮಾತಿನವಳಲ್ಲ. ಏಳನೆಯ ಇಯತ್ತೆಯವರೆಗೆ ಊರ ಶಾಲೆಯಲ್ಲಿ ಕಲಿತಾಗಲೂ ಉತ್ತರ ಗೊತ್ತಿದ್ದೂ ಕೈ ಎತ್ತಿದವಳಲ್ಲ. ಮೊಮ್ಮಕ್ಕಳಿಗೆ ಎಂದು ನೆಪ ಹೇಳಿಕೊಂಡು ಬರೆಯುವುದೇ ನನ್ನ ಮಾತು. ಪತ್ರಿಕೆಯಲ್ಲಿ ಬರುವ ಅದನ್ನು ಊರೆಲ್ಲ ಓದುತ್ತದೆ ಎಂದು ಗೊತ್ತಾದಾಗ ಎರಡು ವಾರ ನಾನು ಅಂಗಡಿಗೇ ಹೋಗಿರಲಿಲ್ಲ.

ಆದರೆ ಸೋಮವಾರ ಬಸ್ ಹತ್ತಿ ಶಹಾಪುರಕ್ಕೆ ಹೋದೆ. ಗಾಡಿಗಳ ಲೈಟು, ವೈರಿಂಗು ನೋಡುವ ಖಾಜಾಭಾಯಿಯ ಅಂಗಡಿಯ ಮುಂದೆ ಗಂಡಸರು ಟೈರಿನ ಮೇಲೆ ಕೂತಿದ್ದರು. ನಾನು ಎದುರಿನ ಬೇವಿನ ಗಿಡದ ಕೆಳಗೆ ಸೆರಗು ಹೊದ್ದು ನಿಂತೆ. ಪಾಪ, ಅವನೇ ರಸ್ತೆ ದಾಟಿ ಬಂದ.

"ಏನ್ರೀ ಅಮ್ಮ, ಕಾರೆಲ್ಲಿ?"

ಲೈಟಿನ ವಿಷಯ ಹೇಳಿದೆ. ಕೀಲಿಯ ವಿಷಯ ಹೇಳಲಿಲ್ಲ.

"ಸುಗ್ಗಿ ನಡದದ್ರೀ. ಹಾರ್ವೆಸ್ಟರ್ ಸಾಲ್ ಹಚ್ಚಿ ನಿಂತಾವ ನೋಡ್ರಿ. ಎಂಟು ದಿನ ತಡೀರಿ."

"ಗುರುವಾರದೊಳಗ ಆಗಬೇಕ್ರಿ."

ಅವನು ನಕ್ಕು ಒಳಗೆ ಹೋಗಿ ಕಿರುಬೆರಳಿನ ತುದಿಯಷ್ಟಿದ್ದ ಎರಡು ಬಲ್ಬ್ ತಂದುಕೊಟ್ಟ. "ಹಂಗಾರ ಈ ಎಲ್‌ಇಡಿ ಒಯ್ರಿ. ಬೆಳಕು ಜಾಸ್ತಿ, ಬ್ಯಾಟರಿ ತಿನ್ನಂಗಿಲ್ಲ. ಬಾನೆಟ್ ಎತ್ತಿ, ಹಿಂದಿನ ಹೋಲ್ಡರ್ ತಿರುವಿ ಎಳೀರಿ. ಹಳೇದು ತಗೀರಿ, ಹೊಸಾದು ಒತ್ರಿ. ಹತ್ತಲಿಲ್ಲಂದ್ರ ಹೊರಳಿಸಿ ಹಾಕ್ರಿ. ಇದಕ್ಕ ಪ್ಲಸ್ಸು ಮೈನಸ್ಸು ಅದ, ಹಳೇ ಬಲ್ಬಿಗಿ ಇರ್ಲಿಲ್ಲ."

ಟಾರ್ಚಿಗೆ ಸೆಲ್ ಹಾಕಿದ ಹಾಗೆ. ಅಷ್ಟು ನನಗೆ ಬಾರದೇ?

ಮಂಗಳವಾರ ನಿಮ್ಮಪ್ಪ ಹೊಲಕ್ಕೆ ಹೋದದ್ದೇ ತಡ, ಕೆಲಸಕ್ಕೆ ಕೂತೆ. ಕೀಲಿ ಇಲ್ಲದೆ ಹೇಗೆ ಎನ್ನುತ್ತೀರಾ? ನಮ್ಮೂರಲ್ಲಿ ಕಾರಿನ ಬಾಗಿಲಿಗೆ ಯಾರು ಬೀಗ ಹಾಕುತ್ತಾರೆ? ಬಾನೆಟ್ಟಿನ ಹಿಡಿಕೆ ಒಳಗೇ ಇದೆ. ಪಾರ್ಕಿಂಗ್ ಲೈಟ್ ಹತ್ತಲು ಕೀಲಿಯೇ ಬೇಕಿಲ್ಲ. (ಇದು ನಿಮ್ಮಪ್ಪನಿಗೆ ಗೊತ್ತಿರಲಿಲ್ಲ. ಈಗ ಇಲ್ಲಿ ಓದಿ ತಿಳಿಯಲಿ.)

ಎಡಗಡೆಯದು ಮೊದಲು. ತಿರುವಿದೆ, ಎಳೆದೆ, ಹೊಸದನ್ನು ಒತ್ತಿದೆ. ಹತ್ತಲಿಲ್ಲ. ಹೊರಳಿಸಿ ಒತ್ತಿದೆ. ಹತ್ತಿತು! ಹಳೆಯ ಬಲ್ಬಿನ ಹಳದಿ ಬೆಳಕಲ್ಲ ಅದು, ಹಗಲಲ್ಲೂ ಕಣ್ಣಿಗೆ ಹೊಡೆಯುವ ಬಿಳಿ ಬೆಳಕು. ನಾನೊಬ್ಬಳೇ ನಿಂತು ನಕ್ಕೆ.

ಬಲಗಡೆಯದು ಹತ್ತಲಿಲ್ಲ. ಹೊರಳಿಸಿದೆ. ಊಹೂಂ. ಬಲ್ಬೇ ಕೆಟ್ಟಿದೆಯೇ ಎಂದು ಅದನ್ನು ಎಡಗಡೆಗೆ ಹಾಕಿ ನೋಡಿದೆ. ಅಲ್ಲಿ ಚೆನ್ನಾಗಿಯೇ ಹತ್ತಿತು. ಅಂದರೆ ಬಲ್ಬ್ ಸರಿ ಇದೆ, ಜಾಗ ಸರಿ ಇಲ್ಲ. ಖಾಜಾಭಾಯಿಗೆ ಫೋನ್ ಮಾಡಿದೆ.

"ಒಳಗ ವೈರಿಂಗ್ ಹೋಗಿರಬೇಕ್ರೀ ಅಮ್ಮ. ಪೂರಾ ಬಿಚ್ಚಬೇಕು. ಸುಗ್ಗಿ ಮುಗದ ಮ್ಯಾಲ ನಾಕು ದಿನ ಗಾಡಿ ಬಿಡ್ರಿ."

ಗುರುವಾರಕ್ಕೆ ಇನ್ನು ಒಂದೇ ದಿನ ಉಳಿದಿತ್ತು.

ಬುಧವಾರ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಆ ಬಲಗಡೆಯ ಹೋಲ್ಡರನ್ನು ಬಿಸಿಲಿಗೆ ಹಿಡಿದು ನೋಡಿದೆ. ಒಳಗಿನ ಹಿತ್ತಾಳೆಯ ಪಟ್ಟಿಗಳ ಮೇಲೆ ಹಸಿರು ಕಿಲುಬು, ಅಂಚಿಗೆ ಬಿಳಿ ಹಕ್ಕಳೆ. ಬೆರಳಿಂದ ಉಜ್ಜಿದರೆ ಕೆಂಪು ಬಂತು. ಕುಂಕುಮ!

ಲೈಟಿನ ಹಿಂದೆ ಕುಂಕುಮ ಎಲ್ಲಿಂದ ಬಂತು?

ನನ್ನ ಕೈಯಿಂದಲೇ. ಪ್ರತಿ ಅಮಾವಾಸ್ಯೆಗೆ ಕಾರಿಗೆ ಪೂಜೆ ಮಾಡುತ್ತೇನಲ್ಲ? ಕಾರಿನ ಎಡಬದಿಗೆ ಗೋಡೆ ಇದೆ, ನಿಲ್ಲಲು ಜಾಗವಿಲ್ಲ. ಹಾಗಾಗಿ ಯಾವಾಗಲೂ ಬಲಬದಿಗೇ ನಿಂತು ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಅದರ ನೀರನ್ನು ಬಾನೆಟ್ಟಿನ ಆ ಮೂಲೆಗೆ ಸುರಿಯುತ್ತಿದ್ದೆ. ಅದು ಸಂದಿನಿಂದ ಇಳಿದು ನೇರ ಲೈಟಿನ ಬೆನ್ನಿಗೆ ಹೋಗುತ್ತಿತ್ತು. ಗಾಡಿಗೆ ಏನೂ ಆಗದಿರಲಿ ಎಂದು ಒಂದು ಅಮಾವಾಸ್ಯೆಯನ್ನೂ ತಪ್ಪಿಸದೆ ಬೇಡಿಕೊಂಡವಳು ನಾನು. ಆ ಲೈಟನ್ನು ಕೊಂದವಳೂ ನಾನೇ!

ದೇವರ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಕಾಯಿ ಕೇಳಿದ್ದು ಅವನು, ಬಾನೆಟ್ ಮೇಲೆ ಸುರಿ ಎಂದಿದ್ದನೇ? ನಮ್ಮ ಕಡೆ ಟ್ರ್ಯಾಕ್ಟರ್, ಪಂಪ್‌ಸೆಟ್, ಹೊಲಿಗೆ ಮಷಿನ್, ಎಲ್ಲಕ್ಕೂ ಪೂಜೆ ಆಗುತ್ತದೆ. ಹಚ್ಚುವುದೆಲ್ಲ ಹೊರಗೆ. ಒಳಗೆ ಏನಾಗಿದೆ ಎಂದು ತೆರೆದು ನೋಡುವುದು ನಿಂತಾಗ ಮಾತ್ರ. ಗಾಡಿಯಷ್ಟೇ ಏಕೆ, ಮನೆಯ ಹಿರಿಯರಿಗೂ ಇದೇ ಮರ್ಯಾದೆ ಅಲ್ಲವೇ? ಕಾಲಿಗೆ ಬೀಳುತ್ತಾರೆ, ಏನು ಬೇಕು ಎಂದು ಕೇಳುವುದಿಲ್ಲ.

ಇರಲಿ. ಹಿತ್ತಾಳೆಯ ಕಿಲುಬು ಎಂದರೆ ನನಗೆ ಹೆದರಿಕೆಯೇ? ಅದಕ್ಕೆ ವೈರಿಂಗ್ ಬಿಚ್ಚಬೇಕೇ? ಅಡಿಗೆಮನೆಯಿಂದ ಒಂದು ಚೂರು ಹುಣಸೆಹಣ್ಣು ನೆನೆಸಿ ತಂದೆ.

ನಿಮ್ಮವ್ವ ಸುನಂದಾ ಬಾಗಿಲಲ್ಲಿ ನಿಂತು ನೋಡಿದಳು. "ಅತ್ತಿ, ಏನ್ ಮಾಡಾಕತ್ತೀರಿ? ಕಾರಂದ್ರ ತಾಮ್ರದ ಕೊಡ ಅಂತ ತಿಳದೀರೇನ್ರಿ?"

"ಹಿತ್ತಾಳಿ ಎಲ್ಲಿದ್ರೂ ಹಿತ್ತಾಳೀನ ಅಲ್ಲೇನ್ ತಂಗಿ?"

"ನಿಮ್ಮ ಮಗಾ ಬಂದ್ರ ನಾ ಏನೂ ನೋಡಿಲ್ಲ ಅಂತೀನಿ ಮತ್ತ!" ಎಂದಳು. ಹೇಳಿದವಳೇ ಸೆರಗು ಕಟ್ಟಿ ಬಂದು ವೈರ್ ಹಿಡಿದುಕೊಂಡಳು.

ಲೈಟಿನ ಸ್ವಿಚ್ ಆಫ್ ಮಾಡಿ, ಕಡ್ಡಿಗೆ ಅರಳೆ ಸುತ್ತಿ, ಹುಳಿಯಲ್ಲಿ ಅದ್ದಿ ಪಟ್ಟಿಗಳನ್ನು ತಿಕ್ಕಿದೆ. ಹಸಿರು ಹೋಯಿತು, ಕಪ್ಪು ಹೋಯಿತು, ಕೊನೆಗೆ ದೇವರ ಮುಂದಿನ ಹೊಸ ದೀಪದ ಸಮೆಯಂತೆ ಹಳದಿ ಹೊಳೆಯಿತು. ಹುಳಿ ಉಳಿದರೆ ಮತ್ತೆ ತಿನ್ನುತ್ತದೆ. ಹಸಿಬಟ್ಟೆಯಿಂದ ಮೂರು ಸಲ ಒರೆಸಿದೆ. ಹೋಲ್ಡರಿನ ಕರಿ ವೈರು ಕಾರಿನ ಮೈಗೆ ಸೇರುವ ಬೋಲ್ಟನ್ನೂ ಬಿಡಲಿಲ್ಲ, ಅಲ್ಲಿದ್ದ ತುಕ್ಕನ್ನು ಈಳಿಗೆಯ ಹಿಂಬದಿಯಿಂದ ಕೆರೆದೆ. ಮಧ್ಯಾಹ್ನದ ಬಿಸಿಲಲ್ಲಿ ಪೂರ್ತಿ ಆರಲು ಬಿಟ್ಟೆವು. ಇಳಿಹೊತ್ತಿಗೆ ಬಲ್ಬ್ ಒತ್ತಿ, "ಹಾಕು" ಎಂದೆ. ಸುನಂದಾ ಸ್ವಿಚ್ ಹಾಕಿದಳು.

ಹತ್ತಿತು. ಬಲಗಡೆಯದೂ ಹತ್ತಿತು!

ಅವಳು ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಆ ದಿನ ನನಗೆ ನಾಚಿಕೆ ಆಗಲಿಲ್ಲ.

ಸಂಜೆ ನಿಮ್ಮಪ್ಪ ಬಂದ. ಎರಡೂ ದೀಪ ಉರಿಯುತ್ತಿದ್ದವು. ಬೈಕ್ ಚಾಲೂ ಇದ್ದಂತೆಯೇ ಸ್ಟ್ಯಾಂಡ್ ಹಾಕಿ, ಕಾರಿನ ಮುಂದೆ ಕುಕ್ಕರಿಸಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದ.

"ಯಾರ್ ಮಾಡಿದ್ರು?"

"ನಿಮ್ಮವ್ವ. ಹುಣಸಿಹಣ್ಣು ಹಚ್ಚಿ," ಎಂದಳು ಸುನಂದಾ.

"ಸುಳ್ಳ ಹೇಳಬ್ಯಾಡ."

"ಕಾರಿಗಿ ಮೂಸಿ ನೋಡ್ರಿ ಬೇಕಂದ್ರ."

ಅವನು ತಲೆ ಕೆರೆದುಕೊಂಡ. "ಲೈಟೇನೋ ಹತ್ತ್ಯಾವ ಅವ್ವ. ಆದ್ರ..."

ಆ 'ಆದ್ರ' ಎಷ್ಟು ಉದ್ದ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಅವನ ಮುಖ ನೋಡಲಾಗದೆ ಅವನ ಬೈಕ್ ಕಡೆ ನೋಡಿದೆ. ಮುಂದಿನ ಲೈಟ್ ಉರಿಯುತ್ತಿತ್ತು. ಹಿಂದೆ ಕತ್ತಲು.

ನಾನು ಕೈ ಚಾಚಿದೆ. "ಮಲ್ಲು, ನಿನ್ನ ಗಾಡಿ ಹಿಂದಿನ ಲೈಟ್ ಹತ್ತವಲ್ದು. ಅದರ ಕೀಲೀನೂ ಕೊಡು."

"ಅವ್ವ!"

"ಎರಡೂ ಕೊಡು. ಸರಿ ಆದ ಮ್ಯಾಲ ನೋಡೂಣು."

ಸುನಂದಾ ನಕ್ಕ ನಗೆಗೆ ಪಕ್ಕದ ಮನೆಯವರು ಹೊರಗೆ ಬಂದರು. ಎರಡು ಕೀಲಿಗಳೂ ನನ್ನ ಅಂಗೈಗೆ ಬಂದವು.

ಗುರುವಾರ ಅಕ್ಕನ ತಲೆಗೆ ಸಾವಕಾಶವಾಗಿ ಎರೆದೆ. ಗಡಿಯಾರ ನೋಡಲಿಲ್ಲ. ಬಿಸಿಲು ಅಂಗಳ ದಾಟುವವರೆಗೆ ಅವಳ ಕೂದಲು ನನ್ನ ಮಡಿಲಲ್ಲಿ ಆರಿತು. ಹೆಣೆದು ಮುಗಿಸಿದಾಗ ಅವಳು ಎಡಗೈಯಿಂದ ಜಡೆ ಮುಟ್ಟಿ ನೋಡಿ, ನನ್ನ ಕೆನ್ನೆ ತಟ್ಟಿದಳು. ನಿಮ್ಮಪ್ಪ ಆ ದಿನ ಹೊಲಕ್ಕೆ ನಡೆದು ಹೋದನಂತೆ.

ಮಕ್ಕಳೇ, ಇನ್ನೊಬ್ಬರ ಕೀಲಿಗೆ ಕೈ ಚಾಚುವ ಮುನ್ನ ತಮ್ಮ ಗಾಡಿಯ ಹಿಂದೆ ಒಮ್ಮೆ ಹೋಗಿ ನೋಡುವವರು ಎಷ್ಟು ಮಂದಿ?