ನೌಕೆಯ ಪಕ್ಕದ ಹಳದಿ ಮೋಡ

ನಾಸಿಕ್‌ನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಧಾರವಾಡದ ಸಾಹೇಬರಿಗೆ ಬಾಹ್ಯಾಕಾಶ ನೌಕೆಗಳ ಅವಕೆಂಪು ದುರ್ಬೀನುಗಳನ್ನು ತಪಾಸಣೆ ಮಾಡುವ ಕೆಲಸ. ಯಾರ ಮನೆಗೆ ಹೋದರೂ ಕೂರುವ ಮೊದಲು ಕುರ್ಚಿಯನ್ನು ಕರವಸ್ತ್ರದಿಂದ ಒರೆಸುವರು. ನಮ್ಮ ಕನ್ನಡಕವನ್ನು ತೆಗೆಸಿ ಬೆಳಕಿಗೆ ಹಿಡಿದು, “ಹೊಲಸು ಹೊರಗಿಂದ ಬರಂಗಿಲ್ಲರಿ, ನಾವ ಹೊತ್ಕೊಂಡು ಅಡ್ಡಾಡ್ತೀವಿ” ಎನ್ನುವರು.

ಒಮ್ಮೆ ಕನ್ನಡ ಸಂಘದಲ್ಲಿ ಅವರ ಉಪನ್ಯಾಸವಿತ್ತು. ನೌಕೆ ತನ್ನ ಮೈಯಿಂದಲೇ ಆವಿ, ಧೂಳು ಬಿಡುತ್ತದೆ. ಅದು ಜೊತೆಗೇ ತೇಲುತ್ತ ಶಾಖ ಸೂಸುತ್ತದೆ. ಶಾಖವನ್ನೇ ನೋಡುವ ದುರ್ಬೀನು ಅದನ್ನು ನಕ್ಷತ್ರವೆಂದು ತಿಳಿದು ಮೋಸಹೋಗುತ್ತದೆ ಎಂದು ವಿವರಿಸಿದರು. ನಡುವೆ ಚಹಾ, ಅವಲಕ್ಕಿ ಚಿವಡಾ ಆಯಿತು. ಸಾಹೇಬರು ತಿಂದು ಬಂದವರೇ ಪ್ರೊಜೆಕ್ಟರಿನ ಮೇಲೆ ಮುಂದಿನ ಚಿತ್ರದ ಪ್ಲಾಸ್ಟಿಕ್ ಹಾಳೆ ಇಟ್ಟರು. ಪರದೆಯಲ್ಲಿ ನೌಕೆಯ ಪಕ್ಕ ಹಳದಿ ಮೋಡವೊಂದು ಮೂಡಿತು. “ಇದ ನೋಡ್ರಿ ಆ ಹೊಲಸು” ಎಂದು ಅದರ ಹುಟ್ಟು, ಆಕಾರ, ವೇಗವನ್ನೆಲ್ಲ ಬಣ್ಣಿಸತೊಡಗಿದರು. ನಾವೆಲ್ಲ ತಲೆದೂಗಿದೆವು. ಸಂಘದ ಕಾರ್ಯದರ್ಶಿ ಬರೆದುಕೊಂಡರು.

ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿ ಎದ್ದು ಹೋಗಿ ಸೆರಗಿನಿಂದ ಹಾಳೆ ಒರೆಸಿದರು. ಮೋಡ ಮಾಯವಾಯಿತು.

“ಚಿವಡಾದ ಎಣ್ಣಿರಿ, ನಿಮ್ಮ ಹೆಬ್ಬಟ್ಟಿಂದು” ಎಂದರು.

ಸಾಹೇಬರು ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. ಆಮೇಲೆ ನಮ್ಮತ್ತ ತಿರುಗಿ, “ನಾ ಮೊದಲ ಹೇಳಿರಲಿಲ್ಲೇನ್ರಿ?” ಎಂದರು.